ಮಾದರಿಯ ಮಿತಿ ಮತ್ತು ಮಾತಿನ ಹೊಣೆ

ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯನ್ನು ಗಣಕಯಂತ್ರದೊಳಗೆ ಮಾದರಿಯಾಗಿ ಕಟ್ಟುವ ಕೆಲಸಕ್ಕೂ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವ ವಿದ್ಯಾರ್ಥಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದೇ. ಒಂದು ಕಡೆ ಸಮೀಕರಣಗಳು, ಕೋಷ್ಟಕಗಳು, ತಂತ್ರಾಂಶಗಳು. ಇನ್ನೊಂದು ಕಡೆ ಪಂಪ, ಕುಮಾರವ್ಯಾಸ, ಶಬ್ದಮಣಿದರ್ಪಣ. ಇವೆರಡರ ನಡುವೆ ಗೋಡೆಯೊಂದಿದೆ ಎಂದು ನಾವೂ ನಂಬಿದ್ದೇವೆ, ವಿಜ್ಞಾನ ವಿಭಾಗದವರೂ ನಂಬಿದ್ದಾರೆ. ಈ ನಂಬಿಕೆ ತಪ್ಪೆಂಬುದೂ, ಅದರಿಂದ ನಷ್ಟವಾಗುತ್ತಿರುವುದು ಮುಖ್ಯವಾಗಿ ಕನ್ನಡಕ್ಕೆಂಬುದೂ ಈ ಲೇಖನದ ವಾದ. ವಿಮಾನದ ಮಾದರಿಯನ್ನು ಕಟ್ಟುವವನು ಮಾಡುವ ಮೂಲ ಕೆಲಸ ವರ್ಣನೆ. ಆ ವರ್ಣನೆಯಲ್ಲಿ ಏನು ಗೊತ್ತು, ಏನು ಊಹೆ, ಎಲ್ಲಿಯವರೆಗೆ ಮಾತು ನಿಜ ಎಂಬುದನ್ನು ಹೇಳದೆ ಬಿಟ್ಟಾಗ ವಿಮಾನಗಳು ನೆಲಕ್ಕೆ ಬಿದ್ದಿವೆ. ವರ್ಣನೆಯ ಪ್ರಾಮಾಣಿಕತೆಯನ್ನು ಕುರಿತು ಚಿಂತಿಸುವುದು ಭಾಷಾ ವಿದ್ಯಾರ್ಥಿಯ ಕೆಲಸವೇ ಆಗಿರುವುದರಿಂದ, ಈ ವಿಷಯಕ್ಕೆ ನಾವು ಬೆನ್ನು ತಿರುಗಿಸಿ ಕುಳಿತಿರಲಾಗದು.

ಮೊದಲು ವಿಷಯವನ್ನು ತಿಳಿಯೋಣ. ಪ್ರಯಾಣಿಕರನ್ನು ಹೊತ್ತೊಯ್ಯುವ ವಿಮಾನವನ್ನು ಸ್ವಭಾವತಃ ಸ್ಥಿರವಾಗಿರುವಂತೆ ಕಟ್ಟುತ್ತಾರೆ. ಗಾಳಿಯ ಹೊಡೆತಕ್ಕೆ ಅದರ ಮೂತಿ ತುಸು ಮೇಲೆದ್ದರೆ, ಬಾಲದ ಭಾಗದ ಮೇಲೆ ಹೆಚ್ಚುವ ಬಲವು ಮೂತಿಯನ್ನು ಮತ್ತೆ ಕೆಳಗಿಳಿಸುತ್ತದೆ. ಹೀಗೆ ಹೆಚ್ಚುವ ಬಲವೆಲ್ಲ ಒಟ್ಟಾಗಿ ವರ್ತಿಸುವ ಬಿಂದುವಿಗಿಂತ ವಿಮಾನದ ಗುರುತ್ವ ಕೇಂದ್ರವು ಮುಂದೆ ಇರುವುದೇ ಇದಕ್ಕೆ ಕಾರಣ. ಆಧುನಿಕ ಯುದ್ಧವಿಮಾನಗಳಲ್ಲಿ ಈ ಕ್ರಮವನ್ನು ಬೇಕೆಂದೇ ಸಡಿಲಿಸುತ್ತಾರೆ ಅಥವಾ ತಿರುವುಮುರುವು ಮಾಡುತ್ತಾರೆ. ಆಗ ಎದ್ದ ಮೂತಿ ತಾನಾಗಿ ಇಳಿಯುವುದಿಲ್ಲ, ಇನ್ನಷ್ಟು ಏಳುತ್ತದೆ. ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನ ಸ್ಥಿತಿ ಅದರದು. ಇಂಥ ಅಪಾಯವನ್ನು ಏಕೆ ಮೈಮೇಲೆ ಎಳೆದುಕೊಳ್ಳುತ್ತಾರೆಂದರೆ, ಸ್ಥಿರವಾದ ವಿಮಾನದಲ್ಲಿ ಬಾಲವು ಕೆಳಮುಖವಾಗಿ ಒತ್ತುತ್ತಾ ವ್ಯರ್ಥವಾಗಿಸುವ ಬಲ ಇಲ್ಲಿ ಉಳಿಯುತ್ತದೆ, ವಿಮಾನವನ್ನು ಹಗುರವಾಗಿ ಕಟ್ಟಬಹುದು, ತಿರುವುಗಳು ಚುರುಕಾಗುತ್ತವೆ.

ಆದರೆ ಕ್ಷಣಕ್ಷಣಕ್ಕೂ ಬೀಳಲು ಹವಣಿಸುವ ಇಂಥ ವಿಮಾನವನ್ನು ಮನುಷ್ಯನ ಕೈ ಮಾತ್ರವೇ ಹಿಡಿದು ನಿಲ್ಲಿಸಲಾರದು. ಅದಕ್ಕಾಗಿ ಗಣಕವು ನಡುವೆ ನಿಲ್ಲುತ್ತದೆ. ಅದು ಸೆಕೆಂಡಿಗೆ ಹತ್ತಾರು ಸಲ ವಿಮಾನದ ವೇಗ, ಓರೆ, ತಿರುಗುವ ಗತಿಗಳನ್ನು ಸಂವೇದಕಗಳಿಂದ ತಿಳಿದು, ರೆಕ್ಕೆಯ ಅಂಚಿನ ಫಲಕಗಳನ್ನು ಬೇಕಾದಷ್ಟು ಹೊರಳಿಸುತ್ತದೆ. ಪೈಲಟ್ ಕೈದಂಡವನ್ನು ಎಳೆದಾಗ ಅದು ಗಣಕಕ್ಕೆ ಸಲ್ಲಿಸಿದ ಒಂದು ಬಿನ್ನಹ. ಎಷ್ಟನ್ನು ನಡೆಸಿಕೊಡಬಹುದೆಂದು ತೀರ್ಮಾನಿಸುವುದು ಗಣಕದೊಳಗಿನ ನಿಯಂತ್ರಣ ಸೂತ್ರ. ತಂತಿಯಲ್ಲಿ ಹರಿಯುವ ಸಂಕೇತದಿಂದಲೇ ನಡೆಯುವ ಈ ಪದ್ಧತಿಗೆ ಫ್ಲೈ ಬೈ ವೈರ್ ಎಂದು ಹೆಸರು. 1972ರ ಮೇ 25ರಂದು ಅಮೆರಿಕದ ನಾಸಾ ಸಂಸ್ಥೆಯು ಒಂದು ಎಫ್-8 ವಿಮಾನವನ್ನು ಹಳೆಯ ಸರಳು ಸನ್ನೆಗಳಿಲ್ಲದೆ, ಡಿಜಿಟಲ್ ಗಣಕದ ಮೂಲಕ ಹಾರಿಸಿತು. ಅದರಲ್ಲಿದ್ದ ಗಣಕವು ಚಂದ್ರಯಾನದ ಅಪೋಲೊ ನೌಕೆಗಾಗಿ ರಚಿಸಿದ್ದು.

ಇಂಥ ವಿಮಾನವನ್ನು ಮೊದಲೇ ಹಾರಿಸಿ ನೋಡಿ ಆಮೇಲೆ ತಿದ್ದೋಣವೆನ್ನುವಂತಿಲ್ಲ. ಆದ್ದರಿಂದ ಅದನ್ನು ಮೊದಲು ಸಿಮ್ಯುಲೇಶನ್ ತಂತ್ರಾಂಶದಲ್ಲಿ ಹಾರಿಸುತ್ತಾರೆ. ಭಾಷಾ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೆಂದರೆ, ಆ ತಂತ್ರಾಂಶದೊಳಗೆ ವಿಮಾನವು ಒಂದು ಬರಹವಾಗಿ ಇರುತ್ತದೆ. 1990ರ ದಶಕದಲ್ಲಿ ಆರಂಭವಾಗಿ ಇಂದಿಗೂ ಬೆಳೆಯುತ್ತಿರುವ ಜೆಎಸ್‌ಬಿಸಿಮ್ ಎಂಬ ಮುಕ್ತ ತಂತ್ರಾಂಶವನ್ನೇ ನೋಡಬಹುದು. ಫ್ಲೈಟ್‌ಗಿಯರ್ ಎಂಬ ಹಾರಾಟ ಸಿಮ್ಯುಲೇಟರಿನಲ್ಲಿ ಅದರ ಬಳಕೆಯಿದೆ. ಅದರಲ್ಲಿ ಪ್ರತಿಯೊಂದು ವಿಮಾನಕ್ಕೂ ಒಂದು ಪಠ್ಯಕಡತವಿರುತ್ತದೆ. ವಿಮಾನದ ತೂಕವೆಷ್ಟು, ಅದು ಎಲ್ಲೆಲ್ಲಿ ಹಂಚಿಕೆಯಾಗಿದೆ, ರೆಕ್ಕೆಯ ವಿಸ್ತಾರವೆಷ್ಟು, ಎಂಜಿನ್ ಯಾವ ಎತ್ತರದಲ್ಲಿ ಎಷ್ಟು ನೂಕುತ್ತದೆ ಎಂಬುದೆಲ್ಲ ಅಲ್ಲಿ ಬರಹದಲ್ಲಿದೆ. ನಿಯಂತ್ರಣ ವ್ಯವಸ್ಥೆಯನ್ನು ಸಣ್ಣ ಸಣ್ಣ ಘಟಕಗಳ ಸರಣಿಯಾಗಿ ಬರೆಯುತ್ತಾರೆ: ಎರಡು ಸಂಕೇತಗಳನ್ನು ಕೂಡಿಸುವ ಘಟಕ, ಒಂದನ್ನು ಇಂತಿಷ್ಟು ಪಾಲು ಹಿಗ್ಗಿಸುವ ಘಟಕ, ತಡಮಾಡಿ ಮುಂದೆ ಕಳಿಸುವ ಘಟಕ, ಮಿತಿ ಮೀರದಂತೆ ಕತ್ತರಿಸುವ ಘಟಕ, ಸಂದರ್ಭ ನೋಡಿ ದಾರಿ ಬದಲಿಸುವ ಘಟಕ. ಪ್ರಕೃತಿ, ಪ್ರತ್ಯಯ, ಆಗಮ, ಆದೇಶಗಳೆಂಬ ಕೆಲವೇ ಉಪಕರಣಗಳಿಂದ ಇಡೀ ಪದಪ್ರಪಂಚವನ್ನು ವಿವರಿಸುವ ವ್ಯಾಕರಣವನ್ನು ಓದಿದವರಿಗೆ ಈ ರಚನೆ ಅಪರಿಚಿತವೆನಿಸದು.

ಈ ಬರಹಕ್ಕೆ ಆಧಾರವೇನು? ಎಫ್-16 ವಿಮಾನದ ಉದಾಹರಣೆ ಸ್ಪಷ್ಟವಾಗಿದೆ. ಅದರ ಕಿರುರೂಪವನ್ನು ಗಾಳಿಸುರಂಗದಲ್ಲಿಟ್ಟು ಅಳೆದ ಅಂಕಿಅಂಶಗಳನ್ನು ನಾಸಾ 1979ರಲ್ಲಿ ವರದಿಯಾಗಿ ಪ್ರಕಟಿಸಿತು. ರೆಕ್ಕೆಯು ಎದುರುಗಾಳಿಯೊಡನೆ ಮಾಡುವ ಕೋನವು ಸೊನ್ನೆಗಿಂತ 20 ಡಿಗ್ರಿ ಕೆಳಗಿನಿಂದ 90 ಡಿಗ್ರಿಯವರೆಗೆ ಬದಲಾದಾಗ ಯಾವ ಯಾವ ಬಲಗಳು ಹುಟ್ಟುತ್ತವೆ ಎಂಬ ಕೋಷ್ಟಕಗಳು ಅದರಲ್ಲಿವೆ. 1992ರಲ್ಲಿ ಪ್ರಕಟವಾದ ಸ್ಟೀವನ್ಸ್ ಮತ್ತು ಲೂಯಿಸ್ ಅವರ ಪಠ್ಯಪುಸ್ತಕವು ಅವನ್ನು ಸಂಕ್ಷೇಪಿಸಿ, ಸೊನ್ನೆಗಿಂತ 10 ಡಿಗ್ರಿ ಕೆಳಗಿನಿಂದ 45 ಡಿಗ್ರಿಯವರೆಗಿನ ಮಾದರಿಯೊಂದನ್ನು ಕೊಟ್ಟಿತು. ಶಬ್ದವೇಗದ ಸುಮಾರು 0.6ರಷ್ಟು ವೇಗದವರೆಗೆ ಮಾತ್ರ ಇದು ಸಲ್ಲುತ್ತದೆ. ಬಾಲದ ಫಲಕವು ಎರಡೂ ದಿಕ್ಕಿಗೆ 25 ಡಿಗ್ರಿ ಹೊರಳಬಲ್ಲದು, ಸೆಕೆಂಡಿಗೆ 60 ಡಿಗ್ರಿಗಿಂತ ವೇಗವಾಗಿ ಹೊರಳಲಾರದು ಎಂಬ ವಿವರಗಳೂ ಅದರಲ್ಲಿವೆ. ಜಗತ್ತಿನ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿಯಂತ್ರಣ ಶಾಸ್ತ್ರವನ್ನು ಕಲಿಯುವುದು ಈ ಮಾದರಿಯಿಂದಲೇ.

ಇಲ್ಲಿ ಮೆಚ್ಚಬೇಕಾದ ಗುಣವೆಂದರೆ ಮಿತಿಯ ಘೋಷಣೆ. ಇಷ್ಟು ಕೋನದವರೆಗೆ, ಇಷ್ಟು ವೇಗದವರೆಗೆ ಈ ಮಾತು ನಿಜ. ಆಚೆಗೆ ಇದನ್ನು ನಂಬಬೇಡಿ ಎಂದು ಮಾದರಿಯೇ ಹೇಳುತ್ತದೆ. ಆದರೆ ತಂತ್ರಾಂಶಕ್ಕೆ ಆ ಎಚ್ಚರಿಕೆ ಕೇಳಿಸುವುದಿಲ್ಲ. ಜೆಎಸ್‌ಬಿಸಿಮ್‌ನಲ್ಲಿ ಕೋಷ್ಟಕ ಮುಗಿದ ಮೇಲೂ ವಿಮಾನ ನಿಲ್ಲುವುದಿಲ್ಲ. ಕೋಷ್ಟಕದ ಕೊನೆಯ ಬೆಲೆಯನ್ನೇ ಹಿಡಿದುಕೊಂಡು ಮುಂದೆ ಹಾರುತ್ತದೆ. ಪರದೆಯ ಮೇಲೆ ಮೋಡಗಳು ಮೊದಲಿನಂತೆಯೇ ಸರಿಯುತ್ತವೆ, ಸೂಚಕಗಳು ಅಂಕಿಗಳನ್ನು ತೋರಿಸುತ್ತಲೇ ಇರುತ್ತವೆ. ತಿಳಿದದ್ದು ಎಲ್ಲಿ ಮುಗಿಯಿತು, ತಿಳಿಯದ್ದು ಎಲ್ಲಿ ಶುರುವಾಯಿತು ಎಂಬುದು ನೋಡುವವನಿಗೆ ಕಾಣುವುದಿಲ್ಲ. ನಮ್ಮ ಮಾತಿನಲ್ಲೂ ಬರಹದಲ್ಲೂ ಹೀಗೆಯೇ ಆಗುತ್ತದೆ. ವ್ಯಾಕರಣ ಶುದ್ಧವಾಗಿರುವ, ಕಿವಿಗೆ ಇಂಪಾಗಿರುವ ವಾಕ್ಯವೊಂದು ತನ್ನ ತಿಳಿವಿನ ಗಡಿಯನ್ನು ದಾಟಿದ್ದನ್ನು ಸದ್ದಿಲ್ಲದೆ ಮುಚ್ಚಿಡಬಲ್ಲದು.

ಭಾರತೀಯ ಕಾವ್ಯಮೀಮಾಂಸೆಯನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಶ್ರೀಶಂಕುಕನ ಚಿತ್ರತುರಗ ನ್ಯಾಯ ಗೊತ್ತೇ ಇದೆ. ಚಿತ್ರದಲ್ಲಿರುವ ಕುದುರೆಯನ್ನು ನೋಡಿ ನಾವು ಕುದುರೆ ಎನ್ನುತ್ತೇವೆ. ಆ ಅರಿವು ನಿಜಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯೂ ಅಲ್ಲ. ಇವೆಲ್ಲಕ್ಕಿಂತ ಬೇರೆಯಾದ ಒಂದು ಬಗೆಯ ಅರಿವು. ರಂಗದ ಮೇಲಿನ ನಟನನ್ನು ರಾಮನೆಂದು ಗ್ರಹಿಸುವುದೂ ಹಾಗೆಯೇ ಎಂಬುದು ಅವನ ವಾದ. ಸಿಮ್ಯುಲೇಟರಿನ ಪರದೆಯ ಮುಂದೆ ಕುಳಿತವನು ವಿಮಾನ ಹಾರುತ್ತಿದೆ ಎನ್ನುವುದು ಈ ನ್ಯಾಯಕ್ಕೆ ನಮ್ಮ ಕಾಲದ ಒಳ್ಳೆಯ ದೃಷ್ಟಾಂತ. ಆದರೆ ಅಭಿನವಗುಪ್ತನ ಗುರು ಭಟ್ಟತೌತನು ಶಂಕುಕನ ಅನುಕರಣವಾದಕ್ಕೆ ಒಡ್ಡಿದ ಆಕ್ಷೇಪವನ್ನೂ ನೆನೆಯಬೇಕು. ರಾಮನ ಅಂತರಂಗದ ಭಾವವನ್ನು ಯಾರೂ ಕಂಡಿಲ್ಲ. ಕಾಣದಿರುವುದನ್ನು ಅನುಕರಿಸುವುದು ಹೇಗೆ ಎಂದು ಅವನು ಕೇಳಿದ.

ಈ ಪ್ರಶ್ನೆ ಇಂದಿನ ಯುದ್ಧವಿಮಾನದ ಮಾದರಿಕಾರರಿಗೆ ನೇರವಾಗಿ ತಟ್ಟುತ್ತದೆ. ಎಫ್-22, ರಫೇಲ್, ಸುಖೋಯ್-57 ಮುಂತಾದ ವಿಮಾನಗಳ ನಿಯಂತ್ರಣ ಸೂತ್ರಗಳು ರಹಸ್ಯವಾಗಿವೆ. ಹವ್ಯಾಸಿಗಳು ಅವುಗಳ ಮಾದರಿಯನ್ನು ಕಟ್ಟುವುದು ವೈಮಾನಿಕ ಪ್ರದರ್ಶನಗಳ ದೃಶ್ಯ, ಪ್ರಕಟವಾದ ಅಳತೆಗಳು, ಹೋಲುವ ಬೇರೆ ವಿಮಾನಗಳ ವರದಿಗಳು, ಪೈಲಟ್‌ಗಳು ಬಹಿರಂಗವಾಗಿ ಆಡಿದ ಮಾತುಗಳು, ಇಷ್ಟನ್ನೇ ಆಧರಿಸಿ. ಹೊರಗಿನ ನಡೆಯನ್ನು ಕಂಡು ಒಳಗಿನ ಸೂತ್ರವನ್ನು ಊಹಿಸುವ ಈ ಕೆಲಸವನ್ನು ನಾನು ಕೀಳೆನ್ನುವುದಿಲ್ಲ. ಭಿನ್ನವಾದ ಶಾಸನದಲ್ಲಿ ಅಳಿಸಿಹೋದ ಅಕ್ಷರಗಳನ್ನು ಊಹಿಸಿ ತುಂಬುವ ಸಂಪಾದಕನೂ ಅದನ್ನೇ ಮಾಡುತ್ತಾನೆ. ಆದರೆ ಒಳ್ಳೆಯ ಸಂಪಾದಕ ತಾನು ತುಂಬಿದ ಅಕ್ಷರಗಳನ್ನು ಕಂಸದಲ್ಲಿ ಇಡುತ್ತಾನೆ. ಮಾದರಿಕಾರನೂ ತಾನು ಊಹಿಸಿದ ಪ್ರತಿಯೊಂದು ಸಂಖ್ಯೆಯ ಪಕ್ಕದಲ್ಲಿ ಇದು ಊಹೆ ಎಂದು ಬರೆಯಬೇಕು. ಆ ಕಂಸವಿಲ್ಲದ ಮಾದರಿ ಎಷ್ಟೇ ಸೊಗಸಾಗಿ ಹಾರಿದರೂ ಅದನ್ನು ತಿಳಿವೆಂದು ಒಪ್ಪಲಾಗದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ ಎಂಬುದಕ್ಕೆ ವಿಮಾನಗಳ ಇತಿಹಾಸವೇ ಸಾಕ್ಷಿ. 1974ರ ಜನವರಿ 20ರಂದು ಎಫ್-16ರ ಮೂಲರೂಪವಾದ ವೈಎಫ್-16 ವಿಮಾನವು ನೆಲದ ಮೇಲೆ ವೇಗವಾಗಿ ಓಡುವ ಪರೀಕ್ಷೆಯಲ್ಲಿತ್ತು. ಅಂದು ಹಾರುವ ಉದ್ದೇಶವಿರಲಿಲ್ಲ. ಕೈದಂಡದ ಮೇಲಿನ ಒತ್ತಡವನ್ನು ಅಗತ್ಯಕ್ಕಿಂತ ಹೆಚ್ಚು ಹಿಗ್ಗಿಸುವಂತೆ ಸೂತ್ರವಿದ್ದುದರಿಂದ ವಿಮಾನ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಓಡುದಾರಿಯಲ್ಲೇ ಉಳಿದರೆ ಅಪಾಯ ಹೆಚ್ಚೆಂದು ಕಂಡು ಪೈಲಟ್ ಅದನ್ನು ಮೇಲಕ್ಕೆತ್ತಿ, ಸುಮಾರು ಆರು ನಿಮಿಷ ಹಾರಿ, ಕ್ಷೇಮವಾಗಿ ಇಳಿಸಿದರು. ಒಂದೇ ಒಂದು ಗುಣಕದ ಬೆಲೆ ತಪ್ಪಾಗಿತ್ತು.

ಸ್ವೀಡನ್ ದೇಶದ ಗ್ರಿಪೆನ್ ವಿಮಾನಕ್ಕೆ ಅಷ್ಟು ಅದೃಷ್ಟವಿರಲಿಲ್ಲ. 1989ರ ಫೆಬ್ರವರಿ 2ರಂದು ಅದರ ಮೊದಲ ಮೂಲರೂಪವು ಲಿನ್‌ಶೋಪಿಂಗ್‌ನಲ್ಲಿ ಇಳಿಯುವಾಗ ಉರುಳಿಬಿತ್ತು. 1993ರ ಆಗಸ್ಟ್ 8ರಂದು ಸ್ಟಾಕ್‌ಹೋಮ್ ನಗರದ ಉತ್ಸವದಲ್ಲಿ ಜನಸಾಗರದ ಕಣ್ಣೆದುರೇ ಇನ್ನೊಂದು ಗ್ರಿಪೆನ್ ಬಿದ್ದಿತು. ಎರಡರಲ್ಲೂ ಇದ್ದವರು ಒಬ್ಬರೇ ಪೈಲಟ್. ಎರಡು ಸಲವೂ ಅವರು ಬದುಕಿ ಉಳಿದರು. ನೆಲದ ಮೇಲಿದ್ದವರಲ್ಲೂ ಯಾರೂ ಸಾಯಲಿಲ್ಲ. ಎರಡನೆಯ ಅವಘಡದ ಮೂಲದಲ್ಲಿದ್ದುದು ನಾವು ಮೇಲೆ ಕಂಡ ಸಣ್ಣ ವಿವರ: ಫಲಕವು ಹೊರಳುವ ವೇಗಕ್ಕೆ ಇರುವ ಮಿತಿ. ಎಫ್-16ರ ಸಂಖ್ಯೆಗಳನ್ನೇ ತೆಗೆದುಕೊಂಡರೆ, ಒಂದು ತುದಿಯಿಂದ ಇನ್ನೊಂದು ತುದಿಗೆ 50 ಡಿಗ್ರಿ ಹೊರಳಲು ಸೆಕೆಂಡಿಗೆ 60 ಡಿಗ್ರಿಯಂತೆ 0.83 ಸೆಕೆಂಡು ಬೇಕು. ಪೈಲಟ್ ಗಾಬರಿಯಿಂದ ಕೈದಂಡವನ್ನು ಅದಕ್ಕಿಂತ ಬೇಗನೆ ಅತ್ತಿತ್ತ ಎಳೆದರೆ, ಅವರು ಬಲಕ್ಕೆ ಎಂದಾಗ ಫಲಕ ಇನ್ನೂ ಎಡದ ಕೆಲಸವನ್ನೇ ಮುಗಿಸುತ್ತಿರುತ್ತದೆ. ಪೈಲಟ್ ತಿದ್ದಿದಷ್ಟೂ ತೂಗಾಟ ಹೆಚ್ಚುತ್ತದೆ. ಅಮೆರಿಕದ ಎಡ್ವರ್ಡ್ಸ್ ನೆಲೆಯಲ್ಲಿ 1992ರ ಏಪ್ರಿಲ್ 25ರಂದು ವೈಎಫ್-22 ವಿಮಾನ ಓಡುದಾರಿಗೆ ಅಪ್ಪಳಿಸಿದ್ದೂ ಪೈಲಟ್ ಮತ್ತು ಯಂತ್ರದ ನಡುವಿನ ಇಂಥ ಹೊಂದಿಕೆಗೆಟ್ಟ ತೂಗಾಟದಿಂದಲೇ. ಅಲ್ಲಿಯೂ ಪೈಲಟ್ ಪಾರಾದರು. ಮಾದರಿಯಲ್ಲಿ ಪೈಲಟ್ ಯಾವಾಗಲೂ ಶಾಂತಚಿತ್ತನೆಂದು ಬರೆದುಕೊಂಡರೆ ಆ ಮಾದರಿ ಹೇಳುವುದೆಲ್ಲ ಶಾಂತಚಿತ್ತನ ಕಥೆಯನ್ನೇ.

ಇವುಗಳಲ್ಲಿ ನಮ್ಮ ವಿಭಾಗಕ್ಕೆ ತೀರ ಹತ್ತಿರವಾದುದು ಎಕ್ಸ್-31 ಎಂಬ ಪ್ರಾಯೋಗಿಕ ವಿಮಾನದ ಪ್ರಸಂಗ. ಅಮೆರಿಕ ಮತ್ತು ಜರ್ಮನಿ ಕೂಡಿ ನಡೆಸಿದ ಈ ವಿಮಾನವು 1995ರ ಜನವರಿ 19ರಂದು ಬಿದ್ದಿತು. ಗಾಳಿಯ ಒತ್ತಡದಿಂದ ವೇಗವನ್ನು ಅಳೆಯುವ ಕೊಳವೆಯಲ್ಲಿ ಮಂಜು ಕಟ್ಟಿತು. ವೇಗ ಕಡಿಮೆಯಾಗಿದೆಯೆಂದು ತಪ್ಪಾಗಿ ತಿಳಿದ ಗಣಕವು ಫಲಕಗಳನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಹೊರಳಿಸಿತು. ವಿಮಾನ ಅಂಕೆ ಮೀರಿತು. ಪೈಲಟ್ ಹೊರಜಿಗಿದು ಉಳಿದರು. ಆ ಕೊಳವೆಯನ್ನು ಬಿಸಿಯಾಗಿಡುವ ಗುಂಡಿಯನ್ನು ಪೈಲಟ್ ಒತ್ತಿದ್ದರು. ಆದರೆ ಹೊಸದಾಗಿ ಅಳವಡಿಸಿದ್ದ ಆ ಕೊಳವೆಗೆ ಬಿಸಿಮಾಡುವ ವ್ಯವಸ್ಥೆಯೇ ಇರಲಿಲ್ಲ. ನೆಲದ ಮೇಲಿದ್ದ ನಿಯಂತ್ರಣ ಕೊಠಡಿಗೆ ಅದು ತಿಳಿದಿತ್ತು, ಪೈಲಟ್‌ಗೆ ತಿಳಿದಿರಲಿಲ್ಲ. ಪೈಲಟ್ ಆ ಗುಂಡಿಯ ಮಾತೆತ್ತಿದಾಗಲೂ, ಅದಕ್ಕೆ ಸಂಪರ್ಕವಿಲ್ಲ ಎಂಬ ಒಂದು ವಾಕ್ಯ ಅವರ ಕಿವಿಗೆ ಬೀಳುವಷ್ಟರಲ್ಲಿ ಕಾಲ ಮೀರಿತ್ತು. ಸಮೀಕರಣಗಳೆಲ್ಲ ಸರಿಯಾಗಿದ್ದವು. ತಿಳಿದವರಿಂದ ತಿಳಿಯಬೇಕಾದವರಿಗೆ ಒಂದು ಸರಳ ವಾಕ್ಯ ಸಾಗಬೇಕಾಗಿತ್ತು, ಸಾಗಲಿಲ್ಲ. ಭಾಷೆಯ ಕೆಲಸ ಯಂತ್ರದ ಕೆಲಸಕ್ಕಿಂತ ಹಗುರವೆಂದು ಭಾವಿಸುವವರು ಈ ಪ್ರಸಂಗವನ್ನು ಒಮ್ಮೆ ಯೋಚಿಸಬೇಕು.

ಕನ್ನಡನಾಡಿಗೂ ಈ ವಿದ್ಯೆಗೂ ನೇರವಾದ ನಂಟಿದೆ. ತೇಜಸ್ ಎಂದು ಇಂದು ಹೆಸರಾಗಿರುವ ಹಗುರ ಯುದ್ಧವಿಮಾನದ ವಿನ್ಯಾಸ ನಡೆದದ್ದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯಲ್ಲಿ. ಬಾಲದ ರೆಕ್ಕೆಯಿಲ್ಲದ ತ್ರಿಕೋನಾಕಾರದ ಈ ವಿಮಾನವನ್ನೂ ಬೇಕೆಂದೇ ಅಸ್ಥಿರವಾಗಿ ಕಟ್ಟಲಾಗಿದೆ. ಅದನ್ನು ಹಿಡಿದು ನಿಲ್ಲಿಸುವುದು ನಾಲ್ಕು ಸಮಾನಾಂತರ ವಾಹಿನಿಗಳುಳ್ಳ ಡಿಜಿಟಲ್ ನಿಯಂತ್ರಣ. ಅದರ ನಿಯಂತ್ರಣ ಸೂತ್ರವನ್ನು ರಚಿಸಲು 1992ರಲ್ಲಿ ಅದೇ ನಗರದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ತಂಡವೊಂದನ್ನು ಕಟ್ಟಲಾಯಿತು. ಆ ಸೂತ್ರವನ್ನು 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳ ನಡವಳಿಕೆಯನ್ನು ಆಕಾಶದಲ್ಲೇ ಅನುಕರಿಸಬಲ್ಲ ವಿಸ್ಟಾ ಎಂಬ ವಿಶೇಷ ಎಫ್-16 ವಿಮಾನದಲ್ಲಿ ತುಂಬಿ ಪರೀಕ್ಷಿಸಿದರು. ಹುಟ್ಟದ ವಿಮಾನವೊಂದು ಹೀಗೆ ಬೇರೊಂದು ಮೈಯಲ್ಲಿ ಮೊದಲು ಹಾರಿತು. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ಬಳಿಕ ಅಮೆರಿಕ ನಿರ್ಬಂಧ ಹೇರಿತು. ಅಲ್ಲಿನ ಕಂಪನಿಯ ನೆರವು ನಿಂತಿತು. ಉಳಿದ ಕೆಲಸವನ್ನು ಇಲ್ಲಿನವರು ಇಲ್ಲಿಯೇ ಮುಗಿಸಬೇಕಾಯಿತು. ಸಿಮ್ಯುಲೇಟರುಗಳಲ್ಲಿ, ಮತ್ತು ವಿಮಾನದ ನಿಜವಾದ ಗಣಕ, ತೈಲಕೊಳವೆ, ಫಲಕ ಚಾಲಕಗಳನ್ನು ನೆಲದ ಮೇಲೆಯೇ ಜೋಡಿಸಿಟ್ಟ ಐರನ್ ಬರ್ಡ್ ಎಂಬ ಚೌಕಟ್ಟಿನಲ್ಲಿ ಪರೀಕ್ಷೆಗಳು ನಡೆದವು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ವಿಮಾನ ಮೊದಲ ಸಲ ಹಾರಿತು.

ಅಂದಿನಿಂದ 2024ರ ಮಾರ್ಚಿಯವರೆಗೆ, ಅಂದರೆ 23 ವರ್ಷ, ಒಂದು ತೇಜಸ್ ಕೂಡ ಬೀಳಲಿಲ್ಲ. ಆ ತಿಂಗಳು ಜೈಸಲ್ಮೇರ್ ಬಳಿ ಒಂದು ಬಿದ್ದಿತು, ಪೈಲಟ್ ಪಾರಾದರು. 2025ರ ನವೆಂಬರ್‌ನಲ್ಲಿ ದುಬೈ ವೈಮಾನಿಕ ಪ್ರದರ್ಶನದಲ್ಲಿ ಇನ್ನೊಂದು ಬಿದ್ದು ಪೈಲಟ್ ಪ್ರಾಣ ಕಳೆದುಕೊಂಡರು. ಈ ಎರಡೂ ಸಂದರ್ಭಗಳಲ್ಲಿ ನಮ್ಮ ಸುತ್ತಲಿನ ಮಾತು ನಡೆದ ರೀತಿಯನ್ನು ನೆನೆಯಿರಿ. ಬೆಂಕಿ ಆರುವ ಮೊದಲೇ ಒಬ್ಬರು ಕಾರಣವನ್ನು ಘೋಷಿಸಿದರು, ಇನ್ನೊಬ್ಬರು ವಿಮಾನವನ್ನೇ ಹಳಿದರು, ಮತ್ತೊಬ್ಬರು ಯಾವ ದೋಷವೂ ಇರಲು ಸಾಧ್ಯವಿಲ್ಲವೆಂದರು. ಇವರೆಲ್ಲರ ವಾಕ್ಯಗಳೂ ಕೋಷ್ಟಕದ ಕೊನೆಯ ಬೆಲೆಯನ್ನು ಹಿಡಿದುಕೊಂಡು ಮುಂದೆ ಹಾರಿದ ವಾಕ್ಯಗಳೇ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಆಧಾರವಿಲ್ಲದ ಕಡೆ ಎರಡಕ್ಕೂ ಒಂದೇ ಬೆಲೆ. ಸತ್ತ ಪೈಲಟ್‌ನ ಮನೆಯವರೂ ಆ ಮಾತುಗಳನ್ನು ಓದುತ್ತಾರೆ ಎಂಬುದನ್ನು ಬರೆಯುವವರು ಮರೆಯಬಾರದಾಗಿತ್ತು.

ಈಗ ಕನ್ನಡದ ಪ್ರಶ್ನೆಗೆ ಬರೋಣ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದರು. ಆದರೆ ನಮ್ಮ ಇಂದಿನ ಉತ್ಸಾಹವೆಲ್ಲ ಪಾರಿಭಾಷಿಕ ಪದಗಳ ಪಟ್ಟಿ ಮಾಡುವುದರಲ್ಲೇ ಮುಗಿದುಹೋಗುತ್ತಿದೆ. ಪದಕೋಶ ಬೇಕು, ಅದೊಂದೇ ಸಾಲದು. ರೆಕ್ಕೆಯು ಎದುರುಗಾಳಿಯೊಡನೆ ಮಾಡುವ ಕೋನಕ್ಕೆ ಇಂಗ್ಲಿಷಿನಲ್ಲಿ ಆ್ಯಂಗಲ್ ಆಫ್ ಅಟ್ಯಾಕ್ ಎಂದು ಹೆಸರು. ಪದಕ್ಕೆ ಪದವಿಟ್ಟು ಅದನ್ನು ದಾಳಿಯ ಕೋನ ಎಂದು ಬರೆದರೆ, ಯುದ್ಧವಿಮಾನದ ಸಂದರ್ಭದಲ್ಲಿ ಓದುಗನು ಅದನ್ನು ಶತ್ರುವಿನ ಮೇಲೆರಗುವ ಕೋನವೆಂದೇ ತಿಳಿಯುತ್ತಾನೆ. ಸಂಕೇತವನ್ನು ಹಿಗ್ಗಿಸುವ ಗುಣಕಕ್ಕೆ ಗೇನ್ ಎನ್ನುತ್ತಾರೆ. ಅದನ್ನು ಲಾಭವೆಂದರೆ ವೈಎಫ್-16 ಲಾಭ ಹೆಚ್ಚಾಗಿ ಹೊಯ್ದಾಡಿತು ಎಂದಾಗುತ್ತದೆ. ಮಾದರಿ ಎಂಬ ನಮ್ಮ ಪದದಲ್ಲೇ ಒಂದು ತೊಡಕಿದೆ. ಮಾದರಿ ಶಾಲೆ, ಮಾದರಿ ರೈತ ಎನ್ನುವಾಗ ಆ ಪದಕ್ಕೆ ಅನುಕರಣೀಯವಾದ ಆದರ್ಶ ಎಂಬ ಅರ್ಥ. ವಿಮಾನದ ಮಾದರಿ ಎನ್ನುವಾಗ ಮೂಲಕ್ಕಿಂತ ಕಡಿಮೆಯಾದ ಪ್ರತಿರೂಪ ಎಂಬ ಅರ್ಥ. ಎರಡನ್ನೂ ಕಲಸಿದರೆ ಪ್ರತಿರೂಪವೇ ಪ್ರಮಾಣವಾಗಿ ಕುಳಿತುಬಿಡುತ್ತದೆ. ಇಂಥ ತೊಡಕುಗಳನ್ನು ಪಟ್ಟಿ ಬಿಡಿಸಲಾರದು. ಇಡೀ ವಾಕ್ಯ ಬರೆದು, ಪ್ಯಾರಾ ಬರೆದು, ಅರಿಯದವರಿಗೆ ಓದಿ ಹೇಳಿ ನೋಡಿದಾಗ ಮಾತ್ರ ಪದವೊಂದು ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿಯುತ್ತದೆ. ಅನೇಕ ಕಡೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು ಸುತ್ತಲಿನ ವಾಕ್ಯವನ್ನು ಅಚ್ಚ ಕನ್ನಡದ ನಡೆಯಲ್ಲಿ ಇಡುವುದೇ ಲೇಸು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಎಂಜಿನಿಯರುಗಳು ಇಂಗ್ಲಿಷಿನಲ್ಲೇ ಕೆಲಸ ಮಾಡುವಾಗ ಈ ಕನ್ನಡ ಬರಹ ಯಾರಿಗಾಗಿ ಎಂಬುದು ಮೊದಲನೆಯದು. ಎಂಜಿನಿಯರುಗಳಿಗಾಗಿ ಅಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಂಥ ಯೋಜನೆಗಳಿಗೆ ತೆರಿಗೆ ಕೊಡುವವರು, ತಮ್ಮ ಮಕ್ಕಳನ್ನು ಆ ಕೆಲಸಕ್ಕೂ ಆ ವಿಮಾನಕ್ಕೂ ಕಳುಹಿಸುವವರು, ಅವಘಡವಾದಾಗ ಸುಳ್ಳು ಯಾವುದು ಸತ್ಯ ಯಾವುದು ಎಂದು ತಿಳಿಯಬಯಸುವವರು ಕನ್ನಡದಲ್ಲಿ ಓದುತ್ತಾರೆ. ಅವರಿಗೆ ಇಂದು ಸಿಗುತ್ತಿರುವುದು ಘೋಷಣೆ ಅಥವಾ ಗೇಲಿ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕೊಲ್ಲುವ ಯಂತ್ರವನ್ನು ಕುರಿತು ಸಾಹಿತ್ಯ ವಿದ್ಯಾರ್ಥಿ ಏಕೆ ಆಸಕ್ತಿ ತಳೆಯಬೇಕು? ಈ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ಯುದ್ಧವನ್ನು ವಿರೋಧಿಸುವವನಿಗೂ ಯುದ್ಧಯಂತ್ರ ಏನೆಂಬುದು ತಿಳಿದಿರಬೇಕು. ಅದೂ ಅಲ್ಲದೆ ಎಫ್-8ರಲ್ಲಿ ಆರಂಭವಾದ ಈ ವಿದ್ಯೆಯೇ ಇಂದು ಪ್ರಯಾಣಿಕ ವಿಮಾನಗಳನ್ನೂ ನಡೆಸುತ್ತಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಊರಿನವರು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಹತ್ತುವ ವಿಮಾನದಲ್ಲಿ ಗಣಕದ ಮಾತು ನಡೆಯುತ್ತಿರುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ನಮ್ಮ ವಿಭಾಗದ ಐಚ್ಛಿಕ ವಿದ್ಯಾರ್ಥಿಗಳು ಸಲ್ಲಿಸುವ ಕಿರುಪ್ರಬಂಧಗಳಲ್ಲಿ ಒಂದು, ಕಡ್ಡಾಯವಾಗಿ, ಯಾವುದಾದರೂ ಒಂದು ತಾಂತ್ರಿಕ ವ್ಯವಸ್ಥೆಯ ವರ್ಣನೆಯಾಗಿರಲಿ. ವಿಮಾನವೇ ಆಗಬೇಕೆಂದಿಲ್ಲ, ಅಡಕೆ ಸುಲಿಯುವ ಯಂತ್ರವಾಗಬಹುದು, ಊರಿನ ನೀರು ಪೂರೈಕೆಯಾಗಬಹುದು. ಭೌತವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಕೂಡಿಸಿಕೊಳ್ಳಲಿ. ಬರಹಕ್ಕೆ ನಾಲ್ಕು ನಿಯಮಗಳಿರಲಿ: ಪ್ರತಿಯೊಂದು ಸಂಖ್ಯೆಗೂ ಅದರ ಮಾನವಿರಬೇಕು, ಪ್ರತಿಯೊಂದು ಹೇಳಿಕೆಗೂ ಅದು ಎಲ್ಲಿಯವರೆಗೆ ನಿಜ ಎಂಬ ಮಿತಿಯಿರಬೇಕು, ಕಂಡದ್ದು, ಓದಿದ್ದು, ಊಹಿಸಿದ್ದು ಬೇರೆ ಬೇರೆಯಾಗಿ ಕಾಣಬೇಕು, ಕೊನೆಯದಾಗಿ, ಆ ವಿಷಯವನ್ನು ಅರಿಯದ ಮನೆಯ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿ, ಅವರಿಗೆ ತಿಳಿಯದ ಜಾಗವನ್ನು ಗುರುತುಹಾಕಿ ಮತ್ತೆ ಬರೆಯಬೇಕು. ಮೌಲ್ಯಮಾಪನದಲ್ಲಿ ಅಲಂಕಾರಕ್ಕೆ ಅಂಕವಿಲ್ಲದಿರಲಿ, ಮಿತಿಯನ್ನು ಸರಿಯಾಗಿ ಹೇಳಿದ್ದಕ್ಕೆ ಅಂಕವಿರಲಿ.

ಗಡಿನಾಡಿನ ವಿದ್ಯಾರ್ಥಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಕಚೇರಿಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಬೆಳೆದವರು ಒಂದು ಭಾಷೆಯ ಪದ ಇನ್ನೊಂದರಲ್ಲಿ ಹೇಗೆ ಅರ್ಥ ಬದಲಿಸುತ್ತದೆಂಬುದನ್ನು ದಿನವೂ ಕಾಣುತ್ತಾರೆ. ಸರಕಾರಿ ಅರ್ಜಿಯೊಂದರ ಒಂದು ತಪ್ಪು ಪದದಿಂದ ಕೆಲಸ ನಿಂತುಹೋಗುವುದನ್ನು ಅವರು ಬಲ್ಲರು. ನಾಲ್ಕು ಭಾಷೆಗಳ ನಡುವೆ ಅರ್ಥ ಸೋರದಂತೆ ದಾಟಿಸುವ ಈ ಅಭ್ಯಾಸವನ್ನು ನಾವು ಕೊರತೆಯೆಂದೇ ಎಣಿಸುತ್ತ ಬಂದಿದ್ದೇವೆ. ತಾಂತ್ರಿಕ ಬರಹಕ್ಕೆ ಬೇಕಾದ ಮೊದಲ ಅರ್ಹತೆ ಅದೇ. ಕನ್ನಡ ಐಚ್ಛಿಕ ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಕೇಳುವವರಿಗೆ, ನಿಖರವಾಗಿ ವರ್ಣಿಸಲು ಕಲಿಯುತ್ತಿದ್ದೇವೆ ಎಂದು ತಲೆಯೆತ್ತಿ ಹೇಳುವಂತಾಗಬೇಕು. ಹಾಗೆ ಹೇಳಬೇಕಾದರೆ ಆ ಕಲಿಕೆಗೆ ನಮ್ಮ ಪಾಠಕ್ರಮದಲ್ಲಿ ಜಾಗವಿರಬೇಕು. ಮುಂದಿನ ಶೈಕ್ಷಣಿಕ ವರ್ಷದ ಯೋಜನೆಯನ್ನು ವಿಭಾಗವು ಚರ್ಚಿಸುವಾಗ ಈ ಸಲಹೆಯನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ. ವಿದ್ಯಾರ್ಥಿಗಳು ತಮ್ಮ ಅಭಿಪ್ರಾಯವನ್ನು, ವಿರೋಧವಿದ್ದರೆ ವಿರೋಧವನ್ನು, ಮುಂದಿನ ಸಂಚಿಕೆಗೆ ಬರೆದು ಕೊಡಲಿ.